ತರಬೇತುದಾರ ಫಾರ್ಮಾಸಿಸ್ಟ್

ತರಬೇತುದಾರ ಫಾರ್ಮಾಸಿಸ್ಟ್ ಎಂದರೆ, ಫಾರ್ಮಸಿ ವಿದ್ಯಾರ್ಥಿಗಳು ಆಸ್ಪತ್ರೆಯಲ್ಲಿ ಅಥವಾ ಔಷಧ ಅಂಗಡಿಯಲ್ಲಿ ಪ್ರಾಯೋಗಿಕ ತರಬೇತಿ ಪಡೆಯುವಾಗ ಅವರ ಮೇಲ್ವಿಚಾರಣೆ ವಹಿಸುವ ನೋಂದಾಯಿತ ಫಾರ್ಮಾಸಿಸ್ಟ್. ಭಾರತದಲ್ಲಿ ಫಾರ್ಮಸಿ ಶಿಕ್ಷಣದ ನಿಯಮಗಳನ್ನು 1948ರ ಫಾರ್ಮಸಿ ಕಾಯ್ದೆಯ ಅನ್ವಯ ಭಾರತೀಯ ಫಾರ್ಮಸಿ ಪರಿಷತ್ತು ರೂಪಿಸುತ್ತದೆ.

ನಿಯಮಗಳು

1991ರ ಶಿಕ್ಷಣ ನಿಯಮಾವಳಿಯು ಡಿ.ಫಾರ್ಮ್ ವಿದ್ಯಾರ್ಥಿಗೆ ಮೂರು ತಿಂಗಳಿಗೆ ಕಡಿಮೆಯಿಲ್ಲದ ಅವಧಿಯಲ್ಲಿ ಕನಿಷ್ಠ 500 ಗಂಟೆಗಳ ತರಬೇತಿಯನ್ನು ವಿಧಿಸಿತು. ಅದರಲ್ಲಿ ಕನಿಷ್ಠ 250 ಗಂಟೆಗಳು ವೈದ್ಯರ ಚೀಟಿಯಂತೆ ಔಷಧ ವಿತರಿಸುವ ಕೆಲಸಕ್ಕೇ ಮೀಸಲು. ಚೀಟಿಯನ್ನು ಓದುವುದು, ಔಷಧದ ಪ್ರಮಾಣವನ್ನು ಪರಿಶೀಲಿಸುವುದು, ದಾಸ್ತಾನು ಕಾಯುವುದು, ಕಾನೂನು ಕೇಳುವ ದಾಖಲೆಗಳನ್ನು ಇಡುವುದು ಕಲಿಕೆಯ ಮುಖ್ಯ ಅಂಶಗಳು. ಒಬ್ಬನೇ ಫಾರ್ಮಾಸಿಸ್ಟ್ ಇರುವಲ್ಲಿ ಇಬ್ಬರಿಗಿಂತ ಹೆಚ್ಚು ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವಂತಿಲ್ಲ. ಒಪ್ಪಂದ ಪತ್ರದ ಮೂರು ಪ್ರತಿಗಳಲ್ಲಿ ಒಂದು ಕಾಲೇಜಿಗೆ, ಒಂದು ತರಬೇತುದಾರರಿಗೆ, ಇನ್ನೊಂದು ವಿದ್ಯಾರ್ಥಿಗೆ.

ಗಂಟೆಗಳನ್ನು ಇಷ್ಟು ಎಚ್ಚರದಿಂದ ಅಳೆದ ಈ ನಿಯಮಾವಳಿ, ಕಲಿಸುವವರು ಕಲಿಸುವ ಕ್ರಮವನ್ನು ಅರಿತಿರಬೇಕೆಂದು ಮಾತ್ರ ಕೇಳಲಿಲ್ಲ. ಶಾಲಾ ಶಿಕ್ಷಕರಾಗಲು ಪ್ರತ್ಯೇಕ ತರಬೇತಿ ಬೇಕೆಂಬ ನಾಡಿನಲ್ಲಿ ಇದು ಗಮನಾರ್ಹ ಕೊರತೆಯೇ ಸರಿ.

ಕಲಿಸುವ ಕ್ರಮ

ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನಂತಹ ಹೋಬಳಿ ಕೇಂದ್ರಗಳ ಅಂಗಡಿಯಲ್ಲಿ ಗಿರಾಕಿಗಳನ್ನು ಕಾಯಿಸಿ ಪಾಠ ಹೇಳಲಾಗದು. ಹೀಗಾದಾಗ ವಿದ್ಯಾರ್ಥಿಯ ದಿನ ಪೆಟ್ಟಿಗೆ ಜೋಡಿಸುವುದರಲ್ಲೇ ಕಳೆಯಬಹುದು. ಇಂತಹ ಕಡೆ ಅನುಕೂಲವಾದುದು ವೈದ್ಯ ಶಿಕ್ಷಣಕ್ಕಾಗಿ 1992ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಒಂದು ನಿಮಿಷದ ಬೋಧಕ’ ವಿಧಾನ. ಮೆಟ್‌ಫಾರ್ಮಿನ್ ಬರೆದ ಚೀಟಿ ಬಂದಿದೆ ಎನ್ನೋಣ. ರೋಗಿಗೆ ಏನು ಹೇಳುವೆ ಎಂದು ವಿದ್ಯಾರ್ಥಿಯನ್ನು ಮೊದಲು ಕೇಳಬೇಕು. ‘ಊಟದೊಂದಿಗೆ ತೆಗೆದುಕೊಳ್ಳಿ’ ಎಂದರೆ, ಏಕೆ ಎಂದು ಕೇಳಬೇಕು. ಹೊಟ್ಟೆಯ ತೊಂದರೆ ತಗ್ಗುತ್ತದೆ ಎಂಬ ಕಾರಣದಿಂದ ಸಾಮಾನ್ಯ ತತ್ವವೊಂದನ್ನು ತಿಳಿಸಿ, ಸರಿಯಾದುದನ್ನು ಮೆಚ್ಚಿ, ತಪ್ಪನ್ನು ತಿದ್ದಬೇಕು. ತಿದ್ದುವುದು ರೋಗಿಯ ಕೈಗೆ ಔಷಧ ಸೇರುವ ಮೊದಲೇ ಆಗಬೇಕು. ಆದರೆ ರೋಗಿಯ ಎದುರು ಗದರಿಸುವುದು ಸಲ್ಲದು.

ಬೆಂಬಲ

2008ರ ನಿಯಮಾವಳಿಯಿಂದ ಬಂದ ಆರು ವರ್ಷಗಳ ಫಾರ್ಮ್.ಡಿ ಕೋರ್ಸಿನ ಕೊನೆಯ ವರ್ಷ ಪೂರ್ತಿ ಆಸ್ಪತ್ರೆಯ ಇಂಟರ್ನ್‌ಶಿಪ್. ಮೈಸೂರಿನ ಜೆಎಸ್‌ಎಸ್ ಫಾರ್ಮಸಿ ಕಾಲೇಜಿನಂತಹ ಕಡೆ ಅಧ್ಯಾಪಕರೇ ವಾರ್ಡಿನಲ್ಲಿ ಕೆಲಸ ಮಾಡುವುದರಿಂದ ಪಾಠಕ್ಕೂ ಪ್ರಯೋಗಕ್ಕೂ ನಡುವೆ ಅಂತರ ಕಡಿಮೆ. ಅಂಗಡಿಯ ಫಾರ್ಮಾಸಿಸ್ಟಿಗೆ ಆ ಅನುಕೂಲವಿಲ್ಲ. 2015ರ ಫಾರ್ಮಸಿ ವೃತ್ತಿ ನಿಯಮಾವಳಿಯು ನೋಂದಣಿ ನವೀಕರಣಕ್ಕೆ ಐದು ವರ್ಷಗಳಲ್ಲಿ ಕನಿಷ್ಠ ಎರಡು ಪುನಶ್ಚೇತನ ಶಿಬಿರಗಳನ್ನು ಕಡ್ಡಾಯಗೊಳಿಸಿದೆ. ಬೋಧನಾ ಕ್ರಮವನ್ನು ಈ ಶಿಬಿರಗಳಲ್ಲೇ ಸೇರಿಸಲು ಅವಕಾಶವಿದೆ. ಅದರೊಂದಿಗೆ ತರಬೇತಿಯ ನಡುವೆ ಕಾಲೇಜಿನ ಅಧ್ಯಾಪಕರೊಬ್ಬರು ಅಂಗಡಿಗೆ ಬಂದು ಹೋದರೆ, ವಿದ್ಯಾರ್ಥಿಯ ಕೊರತೆಗಳು ಪ್ರಮಾಣಪತ್ರಕ್ಕೆ ಸಹಿ ಬೀಳುವ ಮೊದಲೇ ತಿಳಿಯುತ್ತವೆ.