ಅಟ್ಟದ ಮೇಲಿನ ಲಿವರ್ ಬಂದೂಕು: ಹಳೇದು ಸರಿ, ಬೆಲೆ ಎಷ್ಟು?

ಇವತ್ತು ಕಬ್ಬಿನ ವಿಷಯ ಅಲ್ಲ.

ನಮ್ಮ ಕಡೆ ಒಂದು ಹಳೇ ತೊಟ್ಟಿಮನೆ ಕೆಡವುವಾಗ ಅಟ್ಟದಲ್ಲಿ ಗೋಣಿಚೀಲ ಸುತ್ತಿದ ಬಂದೂಕು ಸಿಕ್ತು. ಕುದುರೆಯ ಕೆಳಗೆ ಉದ್ದನೆ ಲಿವರ್. ಅಜ್ಜ ಬೆಳೆ ಕಾಯೋಕೆ ಇಟ್ಕೊಂಡಿದ್ದು, ಲೈಸೆನ್ಸ್ ಅವರ ಜೊತೆಗೇ ಹೋಯ್ತು. ಮೂರೇ ದಿನಕ್ಕೆ ಪೇಟೆಯಿಂದ ಒಬ್ಬ ಬಂದ. "ಇದು ಅಮೆರಿಕದ ವಿಂಚೆಸ್ಟರ್ ಅಣ್ಣ, ಲಕ್ಷ ಕೊಡ್ತೀನಿ, ಯಾರ್ಗೂ ಹೇಳ್ಬೇಡಿ" ಅಂದ. ಮನೆಯವರು ನನ್ನ ಕೇಳಿದರು.

ಲಿವರ್ ಇದ್ದದ್ದೆಲ್ಲ ವಿಂಚೆಸ್ಟರ್ ಅಲ್ಲ. 1873ರ ವಿಂಚೆಸ್ಟರಿನಲ್ಲಿ ನಳಿಗೆಯ ಕೆಳಗೆ ಇನ್ನೊಂದು ಕೊಳವೆ ಇರುತ್ತೆ, ತೋಟಾಗಳು ಅದರಲ್ಲಿ ಸಾಲಾಗಿ ಕೂತಿರುತ್ತವೆ. ಲಿವರ್ ಎಳೆದು ಬಿಟ್ಟರೆ ಮುಂದಿನ ತೋಟಾ ತಾನೇ ಏರುತ್ತೆ. ಅಟ್ಟದ್ದರಲ್ಲಿ ಆ ಕೊಳವೆ ಇಲ್ಲ. ಅದು ಮಾರ್ಟಿನಿ-ಹೆನ್ರಿ. ಲಿವರ್ ಕೆಳಕ್ಕೆಳೆದರೆ ಒಳಗಿನ ಉಕ್ಕಿನ ತುಂಡು ತಗ್ಗುತ್ತೆ, ಖಾಲಿ ತೋಟಾ ಹೊರಗೆ ಬೀಳುತ್ತೆ, ಕೈಯಲ್ಲಿ ಒಂದು ಹಾಕಿ ಲಿವರ್ ಎತ್ತಬೇಕು. ಒಂದು ಸಲಕ್ಕೆ ಒಂದೇ ಗುಂಡು.

ಬ್ರಿಟಿಷ್ ಸೈನ್ಯ ಇದನ್ನ 1871ರಲ್ಲಿ ತಗೊಂಡಿತು. ಆದರೆ 1857ರ ದಂಗೆಯ ಭಯ ಹೋಗಿರಲಿಲ್ಲ. ಬಿಳಿ ಸಿಪಾಯಿಗೆ ಮಾರ್ಟಿನಿ ಕೊಟ್ಟರು, ನಮ್ಮ ಸಿಪಾಯಿಗೆ ಅದಕ್ಕಿಂತ ಹಳೇ ಸ್ನೈಡರ್. 1888ರಲ್ಲಿ ಲೀ-ಮೆಟ್‌ಫರ್ಡ್ ಬಂದು, ಬಿಳಿಯರ ಕೈಗೆ ಅದು ಸೇರಿದ ಮೇಲೆ ಮಾರ್ಟಿನಿ ನಮ್ಮವರಿಗೆ ಇಳಿದು ಬಂತು. ಒಂದು ಬಂದೂಕಿನಲ್ಲಿ ಇಷ್ಟು ಚರಿತ್ರೆ ಐತೆ.

ಇನ್ನು ಬೆಲೆ. ಬಲಗಡೆ ಕಬ್ಬಿಣದ ಮೈಮೇಲೆ ಮುದ್ರೆ ನೋಡಬೇಕು: ಕಿರೀಟ, ಕೆಳಗೆ ವಿ.ಆರ್. (ಅಂದ್ರೆ ವಿಕ್ಟೋರಿಯಾ ರಾಣಿ), ಕಾರ್ಖಾನೆ ಹೆಸರು, ಇಸವಿ. ರಾಣಿ ತೀರಿಕೊಂಡಿದ್ದು 1901ರಲ್ಲಿ. ವಿ.ಆರ್. ಇದ್ದು ಇಸವಿ 1907 ಅಂತಿದ್ರೆ ಅದು ನಕಲಿ. ಖೈಬರ್ ಕಣಿವೆ ಕಡೆಯ ಕಮ್ಮಾರರು ಇಂಥ ನಕಲು ಬೇಕಾದಷ್ಟು ಮಾಡಿದ್ದಾರೆ, ಇಂಗ್ಲಿಷ್ 'ಎನ್' ಅಕ್ಷರ ತಿರುವುಮುರುವು ಕೆತ್ತಿರುವುದೂ ಉಂಟು. ಎರಡನೇದು ನಳಿಗೆಯ ಒಳಗೆ ಸುರುಳಿ ಗೀರು ಇರಬೇಕು. ಕೊರೆದು ನುಣುಪು ಮಾಡಿದ್ರೆ ಸಂಗ್ರಹ ಮಾಡೋರ ಹತ್ರ ಬೆಲೆ ಇಳಿಯುತ್ತೆ. ಮೂರನೇದು, ಮರಳು ಕಾಗದ ಹಾಕಿ ಉಜ್ಜಬೇಡಿ. ಮುದ್ರೆ ಸವೆದರೆ ಗುರುತೇ ಹೋಯ್ತು.

ಎಲ್ಲಕ್ಕಿಂತ ದೊಡ್ಡದು ಯಾರದು ಅನ್ನೋ ದಾಖಲೆ. ನಮ್ಮ ಪಕ್ಕದ ಶ್ರೀರಂಗಪಟ್ಟಣದ ಟಿಪ್ಪುವಿಗಾಗಿ 1793-94ರಲ್ಲಿ ಮಾಡಿದ ಒಂದು ಬೇಟೆ ಬಂದೂಕು ಇಂಗ್ಲೆಂಡಿನಲ್ಲಿತ್ತು. ಮಾಡಿದವನು ಅಸದ್ ಖಾನ್ ಮುಹಮ್ಮದ್ ಅಂತ ಗೊತ್ತಿದೆ. 2023ರಲ್ಲಿ ಅದಕ್ಕೆ 20 ಲಕ್ಷ ಪೌಂಡ್ ಬೆಲೆ ಕಟ್ಟಿ, ದೇಶ ಬಿಟ್ಟು ಹೋಗದ ಹಾಗೆ ಅಲ್ಲಿನ ಸರ್ಕಾರ ತಾತ್ಕಾಲಿಕ ತಡೆ ಹಾಕಿತು. ಹೆಸರಿಲ್ಲದ ಬಂದೂಕಿಗೆ ಆ ಬೆಲೆ ಎಲ್ಲಿ ಬರುತ್ತೆ?

ಕಾನೂನು ಕೇಳಿ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಹಳೇ ಮಾದರಿಗೆ ವಿನಾಯ್ತಿ ಇದೆ, ಆದರೆ ರಿಪೇರಿ ಮಾಡಿದರೂ ಹಾರದಂತಿದ್ದರೆ ಮಾತ್ರ. ಹಾರೋ ಸ್ಥಿತಿಯಲ್ಲಿದ್ರೆ, ಲೈಸೆನ್ಸುದಾರ ತೀರಿಹೋಗಿದ್ರೆ, ತಡ ಮಾಡದೆ ಹತ್ತಿರದ ಪೊಲೀಸ್ ಠಾಣೆಗೋ ಲೈಸೆನ್ಸ್ ಇರೋ ವ್ಯಾಪಾರಿಗೋ ಒಪ್ಪಿಸಬೇಕು. ವಾರಸುದಾರರು ಲೈಸೆನ್ಸ್ ಮಾಡಿಸ್ಕೊಂಡ್ರೆ ವಾಪಸ್ ಕೇಳಬಹುದು. ಗುಟ್ಟಾಗಿ ಮಾರಿದ್ರೆ ಕೊಂಡವನ ಜೊತೆ ಕೊಟ್ಟವನೂ ಕೇಸಿನಲ್ಲಿ.

ಆ ಮನೆಯವರ ಜೊತೆ ಠಾಣೆಗೆ ನಾನೂ ಹೋಗಿದ್ದೆ. ಪೊಲೀಸಿನವರು ಲಿವರ್ ಎಳೆದರು. ಒಳಗೆ ಒಂದು ತೋಟಾ ಹಾಗೇ ಕೂತಿತ್ತು! ಅದನ್ನ ಮೊಮ್ಮಕ್ಕಳು ಮೂರು ದಿನ ಆಟ ಆಡಿದ್ದರು. ಆ ತಾಯಿ ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತರು. ತೋಟಾ ತೆಗೆದ ಮೇಲೆ ನೋಡಿದ್ವಿ: ವಿ.ಆರ್., ಎನ್‌ಫೀಲ್ಡ್, 1876. ಅಸಲಿಯೇ. ನಳಿಗೆ ಮಾತ್ರ ನುಣುಪು.

ನಿಮ್ಮ ಅಟ್ಟದಲ್ಲೂ ಇಂಥದ್ದು ಇದ್ರೆ, ಮೊದಲು ಮಕ್ಕಳನ್ನ ದೂರ ಇಡಿ. ಕುದುರೆ, ಲಿವರ್ ಮುಟ್ಟಬೇಡಿ. ಠಾಣೆಗೆ ಫೋನ್ ಮಾಡಿ. ಬೆಲೆ ಮಾತು ಆಮೇಲೆ.