ಗುರುವಿಗೆ ಬಿದ್ದ ಪೆಟ್ಟು, ಹಿತ್ತಲಲ್ಲಿ ಕಂಡ ಕಲೆ

2009ರ ಜುಲೈ 19ರ ರಾತ್ರಿ. ಆಸ್ಟ್ರೇಲಿಯಾದ ಕ್ಯಾನ್‌ಬೆರಾ ಬಳಿಯ ಮರಂಬೇಟ್‌ಮನ್ ಎಂಬ ಸಣ್ಣ ಊರು. ಕಂಪ್ಯೂಟರ್ ಪ್ರೋಗ್ರಾಮರ್ ಆಂಟನಿ ವೆಸ್ಲಿ ತಮ್ಮ ಮನೆಯ ಹದಿನಾಲ್ಕೂವರೆ ಅಂಗುಲದ ದೂರದರ್ಶಕವನ್ನು ಗುರುಗ್ರಹದತ್ತ ತಿರುಗಿಸಿ ಚಿತ್ರ ತೆಗೆಯುತ್ತಿದ್ದರು. ಆಕಾಶ ನಿಚ್ಚಳವಾಗಿರಲಿಲ್ಲ. ಬೇಸರದಿಂದ ಒಳಗೆ ಹೋಗಿ ಟಿವಿಯಲ್ಲಿ ಗಾಲ್ಫ್ ಮತ್ತು ಆಷಸ್ ಕ್ರಿಕೆಟ್ ನೋಡುತ್ತ ಕುಳಿತರು. ಅರ್ಧ ಗಂಟೆಯ ನಂತರ ಮತ್ತೆ ಬಂದು ನೋಡಿದರೆ, ಗ್ರಹದ ದಕ್ಷಿಣ ಧ್ರುವದ ಬಳಿ ಒಂದು ಕಪ್ಪು ಕಲೆ!

ಯಾವುದೋ ಉಪಗ್ರಹದ ನೆರಳಿರಬೇಕೆಂದು ಅವರು ಮೊದಲು ಭಾವಿಸಿದರು. ಆದರೆ ಲೆಕ್ಕ ಹೊಂದಲಿಲ್ಲ. ಎರಡು ದಿನ ಹಿಂದೆ ಅದೇ ಭಾಗವನ್ನು ಅವರೇ ಚಿತ್ರಿಸಿದ್ದರು. ಆಗ ಅಲ್ಲಿ ಏನೂ ಇರಲಿಲ್ಲ. ತಕ್ಷಣ ಇ-ಮೇಲ್‌ಗಳು ಹೋದವು. ಹವಾಯಿ ದ್ವೀಪದಲ್ಲಿರುವ ನಾಸಾದ ಅವಕೆಂಪು ದೂರದರ್ಶಕ ಮರುದಿನವೇ ಸುದ್ದಿಯನ್ನು ದೃಢಪಡಿಸಿತು. ದುರಸ್ತಿಯಾಗಿ ಇನ್ನೂ ಪರೀಕ್ಷೆಯಲ್ಲಿದ್ದ ಹಬಲ್ ದೂರದರ್ಶಕವನ್ನೂ ಜುಲೈ 23ರಂದು ಅತ್ತ ತಿರುಗಿಸಲಾಯಿತು. ಗುರುವಿಗೆ ಏನೋ ಬಡಿದಿತ್ತು. ಅದು ಸುಮಾರು 500 ಮೀಟರ್ ಗಾತ್ರದ ಕ್ಷುದ್ರಗ್ರಹವಿರಬೇಕೆಂದು ವಿಜ್ಞಾನಿಗಳು ನಂತರ ಅಂದಾಜಿಸಿದರು.

ಇಂಥ ಪೆಟ್ಟನ್ನು ಜಗತ್ತು ಅದಕ್ಕೆ ಸರಿಯಾಗಿ ಹದಿನೈದು ವರ್ಷ ಮೊದಲು ಕಂಡಿತ್ತು. ಯೂಜೀನ್ ಮತ್ತು ಕ್ಯಾರೊಲಿನ್ ಶೂಮೇಕರ್ ದಂಪತಿ ಹಾಗೂ ಡೇವಿಡ್ ಲೆವಿ 1993ರ ಮಾರ್ಚ್‌ನಲ್ಲಿ ಪತ್ತೆಹಚ್ಚಿದ ಧೂಮಕೇತುವೊಂದು ಗುರುವಿನ ಸೆಳೆತಕ್ಕೆ ಸಿಕ್ಕಿ ಆಗಲೇ ಚೂರುಚೂರಾಗಿತ್ತು. 1994ರ ಜುಲೈ 16ರಿಂದ 22ರವರೆಗೆ ಆ ಚೂರುಗಳು ಒಂದಾದ ಮೇಲೊಂದರಂತೆ ಸೆಕೆಂಡಿಗೆ 60 ಕಿ.ಮೀ. ವೇಗದಲ್ಲಿ ಗುರುವಿಗೆ ಅಪ್ಪಳಿಸಿದವು. ಭೂಮಿಯಷ್ಟು ದೊಡ್ಡ ಕಪ್ಪು ಕಲೆಗಳು ಶಾಲಾ ಮಕ್ಕಳ ಪುಟ್ಟ ದೂರದರ್ಶಕಗಳಿಗೂ ಕಂಡವು. ಆದರೆ ಅದು ಮೊದಲೇ ದಿನಾಂಕ ಗೊತ್ತಿದ್ದ ಘಟನೆ. ವೆಸ್ಲಿ ಕಂಡದ್ದಕ್ಕೆ ಮುನ್ಸೂಚನೆಯೇ ಇರಲಿಲ್ಲ.

ಹಾಗಾದರೆ ಅದಕ್ಕೂ ಮೊದಲು ಯಾರೂ ಕಂಡಿರಲಿಲ್ಲವೇ? 1690ರ ಡಿಸೆಂಬರ್‌ನಲ್ಲಿ ಪ್ಯಾರಿಸ್‌ನ ಕ್ಯಾಸಿನಿ ಗುರುವಿನ ಮೇಲೊಂದು ಕಪ್ಪು ಕಲೆಯನ್ನು ಕಂಡು, ಅದು ಹದಿನೆಂಟು ದಿನಗಳಲ್ಲಿ ಆಕಾರ ಬದಲಿಸಿದ್ದನ್ನು ಚಿತ್ರ ಬರೆದಿಟ್ಟಿದ್ದರು. ಆ ಹಳೆಯ ಚಿತ್ರಗಳನ್ನು ಹುಡುಕಿ, ಇದೂ ಅಪ್ಪಳಿಕೆಯ ಗುರುತೇ ಇರಬಹುದೆಂದು 1997ರಲ್ಲಿ ಬೆಳಕಿಗೆ ತಂದವರಲ್ಲಿ ಜಪಾನಿನ ಹವ್ಯಾಸಿ ಇಶ್ಶಿ ತಾಬೆ ಒಬ್ಬರು. ಕಲೆಯನ್ನು ಕಂಡವರು ಬೇರೆ, ಅದರ ಅರ್ಥ ಹೊಳೆದವರು ಬೇರೆ. ನಡುವೆ ಮೂರು ಶತಮಾನ!

2010ರ ಜೂನ್ 3ರಂದು ವೆಸ್ಲಿಗೆ ಮತ್ತೊಂದು ಭಾಗ್ಯ ಒದಗಿತು. ಈ ಸಲ ಕಂಡದ್ದು ಕಲೆಯಲ್ಲ, ಎರಡೇ ಸೆಕೆಂಡಿನ ಮಿಂಚು. ಕ್ಯಾಮೆರಾದ ದೋಷವಿರಬಹುದೇ? ಫಿಲಿಪ್ಪೀನ್ಸ್‌ನ ಹವ್ಯಾಸಿ ಕ್ರಿಸ್ಟೋಫರ್ ಗೋ ತಮ್ಮ ವಿಡಿಯೋ ತೆಗೆದು ನೋಡಿದರೆ ಅದೇ ಕ್ಷಣ, ಅದೇ ಜಾಗ, ಅದೇ ಮಿಂಚು. ಸಾವಿರಾರು ಮೈಲಿ ದೂರದ ಇಬ್ಬರ ಸಾಕ್ಷ್ಯ ಒಂದಾದ ಮೇಲೆ ಸಂಶಯಕ್ಕೆ ಎಡೆಯಿಲ್ಲ. ಬಿದ್ದದ್ದು ಕೇವಲ 8ರಿಂದ 13 ಮೀಟರಿನ ಕಲ್ಲು. ಹಬಲ್ ಹುಡುಕಿದರೂ ಅದರ ಗುರುತು ಗುರುವಿನ ಮೇಲೆ ಉಳಿದಿರಲಿಲ್ಲ. ಆ ವಿಡಿಯೋಗಳಿಲ್ಲದಿದ್ದರೆ ಘಟನೆಯೇ ನಡೆದಿಲ್ಲವೆಂಬಂತೆ ಆಗುತ್ತಿತ್ತು. ಮುಂದೆ ಆಸ್ಟ್ರಿಯ, ಐರ್ಲೆಂಡ್, ಅಮೆರಿಕ, ಬ್ರೆಜಿಲ್‌ಗಳ ಹವ್ಯಾಸಿಗಳೂ ಇಂಥ ಮಿಂಚುಗಳನ್ನು ಹಿಡಿದರು.

ದೊಡ್ಡ ವೀಕ್ಷಣಾಲಯಗಳಿಗೆ ಇದೇಕೆ ಸಾಧ್ಯವಿಲ್ಲ? ಅಲ್ಲಿ ಪ್ರತಿ ರಾತ್ರಿಯೂ ಯಾವುದಾದರೂ ಸಂಶೋಧನೆಗೆ ಮೀಸಲು. ಒಂದೇ ಗ್ರಹವನ್ನು ತಿಂಗಳುಗಟ್ಟಲೆ ಕಾಯುವ ಪುರುಸೊತ್ತು ಯಾರಿಗೂ ಇಲ್ಲ. ಹವ್ಯಾಸಿಗೆ ಆ ಪುರುಸೊತ್ತಿದೆ. ಚೆಂದದ ಚಿತ್ರಕ್ಕಾಗಿ ಆತ ವಿಡಿಯೋದ ಸಾವಿರಾರು ಚೌಕಟ್ಟುಗಳನ್ನು ಒಂದರ ಮೇಲೊಂದು ಜೋಡಿಸುತ್ತಾನೆ. ಮಿಂಚು ಸಿಕ್ಕಿಬೀಳುವುದು ಆ ಚೌಕಟ್ಟುಗಳಲ್ಲೇ.

ಇದು ಬರೀ ಕುತೂಹಲದ ಮಾತಲ್ಲ. ಇಷ್ಟು ಸಣ್ಣ ಕಲ್ಲುಗಳು ಅಷ್ಟು ದೂರದಲ್ಲಿ ಯಾವ ದೂರದರ್ಶಕಕ್ಕೂ ಕಾಣವು. ಉರಿದಾಗಲಷ್ಟೇ ತಮ್ಮ ಇರವನ್ನು ಸಾರುತ್ತವೆ. ಹವ್ಯಾಸಿಗಳು ಕೊಟ್ಟ ಮಾಹಿತಿಯಿಂದಲೇ 2018ರಲ್ಲಿ ಸಂಶೋಧಕರು, 5ರಿಂದ 20 ಮೀಟರಿನ ಕಲ್ಲುಗಳು ವರ್ಷಕ್ಕೆ 10ರಿಂದ 65 ಬಾರಿ ಗುರುವಿಗೆ ಬಡಿಯುತ್ತವೆಂದು ಲೆಕ್ಕ ಹಾಕಿದರು. 2013ರ ಫೆಬ್ರವರಿಯಲ್ಲಿ ರಷ್ಯಾದ ಚೆಲ್ಯಾಬಿನ್ಸ್ಕ್ ಆಕಾಶದಲ್ಲಿ ಸಿಡಿದು, ಕಿಟಕಿ ಗಾಜುಗಳನ್ನು ಒಡೆದು ಸಾವಿರಕ್ಕೂ ಹೆಚ್ಚು ಜನರನ್ನು ಗಾಯಗೊಳಿಸಿದ ಕಲ್ಲು ಸುಮಾರು 20 ಮೀಟರಿನದು.

ವೆಸ್ಲಿ ಆ ರಾತ್ರಿ ಕ್ರಿಕೆಟ್ ನೋಡುತ್ತಲೇ ಕುಳಿತಿದ್ದರೆ? ಕಲೆಯನ್ನು ಬೇರೆ ಯಾರಾದರೂ ನಂತರ ಕಾಣುತ್ತಿದ್ದರೇನೋ. ಆದರೆ ಎರಡು ಸೆಕೆಂಡಿನ ಮಿಂಚಿಗೆ ‘ನಂತರ’ ಎಂಬುದಿಲ್ಲ. ಅದನ್ನು ಕಾಣಲು ಯಾರಾದರೂ ಎಲ್ಲೋ ಎದ್ದು ಕುಳಿತಿರಲೇಬೇಕು.