ತಾಸೆ

ಅಷ್ಟಮಿ, ನವರಾತ್ರಿ ಬಂತೆಂದರೆ ಉಡುಪಿಯಿಂದ ಬೆಳ್ಮಣ್, ಕಾರ್ಕಳದವರೆಗೆ ಹುಲಿವೇಷ ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುವುದು ತಾಸೆಯ ಪೆಟ್ಟು. ಕೊರಳಿಗೆ ಬೋಗುಣಿಯಂಥ ಒಡಲು, ಕೈಯಲ್ಲಿ ಎರಡು ಸಪೂರ ಕಡ್ಡಿ, ಪಕ್ಕದಲ್ಲಿ ಡೋಲು. ಇಷ್ಟು ನಮ್ಮದಾಗಿರುವ ಈ ಪದ ಹುಟ್ಟಿನಿಂದ ತುಳುವೂ ಅಲ್ಲ, ಕನ್ನಡವೂ ಅಲ್ಲ. ಅರಬ್ಬಿ-ಪಾರಸಿಯ ‘ತಾಸ್’ ಎಂದರೆ ಬಟ್ಟಲು. ನೀರಿನಲ್ಲಿ ಬಟ್ಟಲು ಮುಳುಗಿಸಿ ಹೊತ್ತು ಅಳೆಯುತ್ತಿದ್ದ ಕಾಲದ ನೆನಪಾದ ನಮ್ಮ ‘ತಾಸು’ ಕೂಡ ಅದೇ ಬಟ್ಟಲಿನದು.

ತಾಸೆ ಎಂಬ ಹೆಸರು ಸದ್ದಿನ ಅನುಕರಣೆಯಿಂದಲೇ ಹುಟ್ಟಿರಬಾರದೇಕೆ ಎಂದು ಕೇಳಬಹುದು. ಹಾಗಿದ್ದರೆ ಮರಾಠಿಯಲ್ಲಿ ‘ತಾಶಾ’, ಕೆರಿಬಿಯನ್ ದ್ವೀಪ ಟ್ರಿನಿಡಾಡ್‌ನಲ್ಲಿ ‘ತಾಸ್ಸಾ’ ಎಂಬ ಹೆಸರು ಬಟ್ಟಲಾಕಾರದ ಚರ್ಮವಾದ್ಯಕ್ಕೇ ಅಂಟಿಕೊಂಡಿರುವುದನ್ನು ವಿವರಿಸುವುದು ಕಷ್ಟ. ಟ್ರಿನಿಡಾಡ್‌ಗೆ ಅದನ್ನು ಒಯ್ದವರು 1845ರಿಂದ 1917ರ ನಡುವೆ ಕಬ್ಬಿನ ತೋಟದ ಕೂಲಿಗೆ ಹೋದ ಭಾರತೀಯರು. ಹೆಚ್ಚಿನವರು ಭೋಜಪುರಿ ಸೀಮೆಯವರು, ಕರಾವಳಿಯವರಲ್ಲ. ಅಲ್ಲಿ ಮೊಹರಂಗೆ, ಮದುವೆಗೆ ಬಾರಿಸಿದ ತಾಸ್ಸಾ ಮುಂದೆ ಸಿಂಥಸೈಜರ್ ಜೊತೆ ಸೇರಿ ಕುಣಿತದ ಹಾಡಾಯಿತು. 1987ರಲ್ಲಿ ಅಲ್ಲಿನ ಗಾಯಕಿ ದ್ರುಪತೀ ರಾಮ್‌ಗೂನಾಯ್ ತಮ್ಮ ಆಲ್ಬಮ್ಮಿಗೆ ‘ಚಟ್ನಿ ಸೋಕಾ’ ಎಂದು ಹೆಸರಿಟ್ಟರು (ಸೋಕಾ ಅಲ್ಲಿನ ಕುಣಿತದ ಸಂಗೀತ, ಚಟ್ನಿಯೋ ನಮ್ಮದೇ!). ಇತ್ತ ನಮ್ಮ ಕರಾವಳಿಯಲ್ಲಿ ಡೀಜೆ ಬಂದು ತಾಸೆಯನ್ನು ನುಂಗಿತೆಂಬ ದೂರು ಉಂಟು. ಆದರೆ ಡೀಜೆಯ ಪೆಟ್ಟಿಗೆಯೊಳಗೂ ರೀಮಿಕ್ಸ್ ಆಗಿ ಕೇಳುವುದು ತಾಸೆಯೇ, ಹೆಸರೂ ಬದಲಾಗಿಲ್ಲ.